ಲೆನ್ಸ್ ತೆಗೆಯುವುದನ್ನು ಮೊದಲು ಕಲಿಯಿರಿ

ದಾವಣಗೆರೆಯ ಹಳೇ ಪೇಟೆ ಕಡೆಯ ಒಂದು ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ನನ್ನ ಕೆಲಸ. ಅಲ್ಲಿ ಒಂದು ಮೇಜು, ಮೇಜಿನ ಮೇಲೆ ನಿಲ್ಲಿಸುವ ಕನ್ನಡಿ, ಮೂಲೆಯಲ್ಲಿ ಕೈ ತೊಳೆಯುವ ಬೇಸಿನ್. ಹೊಸದಾಗಿ ಕಾಂಟ್ಯಾಕ್ಟ್ ಲೆನ್ಸ್ ತಗೊಳ್ಳುವವರನ್ನು ಆ ಕನ್ನಡಿ ಮುಂದೆ ಕೂರಿಸಿಕೊಂಡು ಹಾಕುವುದು, ತೆಗೆಯುವುದು ಹೇಳಿಕೊಡುತ್ತೇನೆ. ಹದಿನೇಳು ವರ್ಷವಾಯಿತು.

ಬಂದವರಿಗೆಲ್ಲ ಹಾಕುವುದನ್ನು ಕಲಿಯುವ ಆತುರ. ಎರಡನೇ ಸಲಕ್ಕೇ ಲೆನ್ಸ್ ಕಣ್ಣಲ್ಲಿ ಕೂತುಬಿಟ್ಟರೆ ಮುಖ ಅರಳುತ್ತದೆ. "ಬಂತಲ್ಲ ಅಕ್ಕಾ, ಹೊರಡ್ಲಾ?" ಅಂತ ಎದ್ದೇ ಬಿಡುತ್ತಾರೆ. ನಾನು ಮತ್ತೆ ಕೂರಿಸುತ್ತೇನೆ. ಒಂದೊಂದು ಕಣ್ಣಿನಿಂದಲೂ ಮೂರು ಸಲ, ನನ್ನ ಕೈ ಸೋಕದೆ, ತಾವೇ ತೆಗೆದು ತೋರಿಸಿದ ಮೇಲೇ ಲೆನ್ಸ್ ಮನೆಗೆ ಕಳಿಸುವುದು. ನಾಡಿದ್ದೇ ಮದುವೆ ಅಂದರೂ ಇಷ್ಟೇ. ಇದಕ್ಕೆ ಬೇಸರ ಮಾಡಿಕೊಂಡು ಹೋದವರಿದ್ದಾರೆ. ಆದರೂ ಬಿಡುವುದಿಲ್ಲ.

ಯಾಕೆ ಅಂದರೆ, ಕಣ್ಣು ಕೆಂಡದ ಹಾಗೆ ಮಾಡಿಕೊಂಡು ವಾಪಸ್ ಬರುವವರನ್ನು "ರಾತ್ರಿ ತೆಗೆದಿರಲಿಲ್ಲವಾ?" ಅಂತ ಕೇಳಿದರೆ, ತೆಗೆಯಬೇಕು ಅಂತ ಗೊತ್ತಿರಲಿಲ್ಲ ಅಂದವರು ಬಹಳ ಕಡಿಮೆ. ಹೆಚ್ಚಿನವರು ಹೇಳುವುದು ಒಂದೇ ಮಾತು. "ತೆಗಿಯಾಕೆ ನೋಡಿದೆ ಅಕ್ಕಾ, ಬರ್ಲಿಲ್ಲ. ನಿದ್ದಿ ಎಳೀತಿತ್ತು, ಹಂಗೇ ಮಕ್ಕಂಡ್ಬಿಟ್ಟೆ." ಲೆನ್ಸ್ ತೆಗೆಯುವುದು ಕಷ್ಟ ಅನ್ನಿಸಿದವರು ಸುಸ್ತಾದ ದಿನ ತೆಗೆಯದೇ ಮಲಗುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಬರುವಷ್ಟು ಸಲೀಸಾಗಿ ತೆಗೆಯಲು ಬಂದರೆ ಎಷ್ಟೇ ಹೊತ್ತಾಗಿರಲಿ ತೆಗೆದೇ ಮಲಗುತ್ತಾರೆ. ಅದಕ್ಕೇ ತೆಗೆಯುವುದನ್ನು ಕೈ ರೂಢಿ ಮಾಡಿಸದೆ ನಾನು ಕಳಿಸುವುದಿಲ್ಲ.

ನನಗೂ ಇದೇ ಆಗಿದೆ. 2006ರ ಮಾರ್ಚ್. ಬೆಂಗಳೂರಲ್ಲಿ ಕಣ್ಣು ಪರೀಕ್ಷೆಯ ಡಿಪ್ಲೊಮಾ ಓದುತ್ತಿದ್ದೆ. ಚಿಕ್ಕಪ್ಪನ ಮಗಳ ಮದುವೆಗೆಂದು ರಾತ್ರಿ ಹನ್ನೊಂದರ ಬಸ್ಸಿಗೆ ಹೊರಟೆ. ಲೆನ್ಸ್ ಡಬ್ಬಿ ಸೂಟ್‌ಕೇಸಿನಲ್ಲಿ, ಸೂಟ್‌ಕೇಸು ಬಸ್ಸಿನ ಹೊಟ್ಟೆಯಲ್ಲಿ. ಹಿರಿಯೂರಿನ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ತೆಗೆಯೋಣ ಅಂತ ಇಳಿದೆ. ಅಲ್ಲಿನ ನಲ್ಲಿ ನೋಡಿ ಕೈ ತೊಳೆಯಲು ಮನಸ್ಸಾಗಲಿಲ್ಲ. ತೆಗೆದರೂ ಎಲ್ಲಿಡುವುದು? ಮತ್ತೆ ಹತ್ತಿ ಕೂತು ನಿದ್ದೆ ಹೋದೆ. ಬೆಳಗಿನ ಜಾವ ದಾವಣಗೆರೆಯಲ್ಲಿ ಇಳಿಯುವಾಗ ಎಡಗಣ್ಣು ಬಿಡಲು ಆಗಲಿಲ್ಲ, ಲೆನ್ಸ್ ಅಂಟು ಹಾಕಿದ ಹಾಗೆ ಕಚ್ಚಿಕೊಂಡಿತ್ತು. ಮನೆಗೆ ಬಂದವಳೇ ಗಾಬರಿಯಲ್ಲಿ ಚಿವುಟಿ ಎಳೆದೆ. ಬಂತು. ಜೊತೆಗೆ ಕಣ್ಣಿನ ಮೇಲುಪದರದ ಒಂದು ಚೂರೂ ಕಿತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ಸಂಜೆಗೆ ಕಣ್ಣು ಕೆಂಪು. ಮದುವೆ ಮನೆ, ಯಾರಿಗೆ ಹೇಳುವುದು? ಯಾರೋ ಔಷಧಿ ಅಂಗಡಿಯಿಂದ ಒಂದು ಡ್ರಾಪ್ಸ್ ತಂದುಕೊಟ್ಟರು, ಹಾಕಿಕೊಂಡೆ. ಮಾರನೇ ದಿನ ಕೆಂಪು ಇಳಿಯಿತು, ವಾಸಿಯಾಯಿತು ಅಂದುಕೊಂಡೆ. ಅದರಲ್ಲಿ ಸ್ಟೆರಾಯ್ಡ್ ಇತ್ತು. ಅದು ಕೆಂಪನ್ನು ಮುಚ್ಚುತ್ತದೆ, ಒಳಗೆ ಸೋಂಕನ್ನು ಬೆಳೆಯಲು ಬಿಡುತ್ತದೆ. ಮೂರನೇ ದಿನ ಕನ್ನಡಿಯಲ್ಲಿ ನೋಡಿಕೊಂಡರೆ ಕರಿಗುಡ್ಡೆಯ ಮೇಲೆ, ಪಾಪೆಯ ಪಕ್ಕಕ್ಕೆ, ಅಕ್ಕಿ ನುಚ್ಚಿನಷ್ಟು ಬಿಳಿ ಚುಕ್ಕೆ. ಟ್ಯೂಬ್‌ಲೈಟ್ ಕಡೆ ನೋಡಲಾಗದೆ ಸೆರಗು ಮುಚ್ಚಿಕೊಂಡು ಕೂತಿದ್ದೆ. ಕಣ್ಣಿನ ಡಾಕ್ಟರು ಮರಗಟ್ಟುವ ಹನಿ ಹಾಕಿ, ಆ ಚುಕ್ಕೆಯನ್ನು ಸಣ್ಣ ಬ್ಲೇಡಿನಲ್ಲಿ ಕೆರೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಗಂಟೆಗೊಂದು ಹನಿ. ಹಗಲು ರಾತ್ರಿ. ಅವ್ವ ಅಲಾರಂ ಗಡಿಯಾರ ತೊಡೆಯ ಮೇಲಿಟ್ಟುಕೊಂಡು ಮಂಚದ ಪಕ್ಕ ಕೂತು, ಎರಡು ಗಂಟೆಗೆ, ಮೂರು ಗಂಟೆಗೆ, ನಾಲ್ಕು ಗಂಟೆಗೆ ಎಬ್ಬಿಸಿ ಹನಿ ಹಾಕಿದಳು. ಕಣ್ಣು ಉಳಿಯಿತು. ಆದರೆ ಹೂ ಬಿದ್ದದ್ದು ಹೋಗಲಿಲ್ಲ. ಇವತ್ತಿಗೂ ರಾತ್ರಿ ಎದುರಿಗೆ ಲಾರಿ ಬಂದರೆ ಅದರ ಹೆಡ್‌ಲೈಟು ನನ್ನ ಎಡಗಣ್ಣಿಗೆ ಒಡೆದ ಗಾಜಿನ ಹಾಗೆ ಚದುರಿ ಕಾಣುತ್ತದೆ.

ಕಣ್ಣಿನ ಪುಸ್ತಕ ಓದುತ್ತಿದ್ದವಳು ನಾನು. ಮಲಗಬಾರದು ಅಂತ ಪರೀಕ್ಷೆಯಲ್ಲಿ ಬರೆದಿದ್ದೆ. ಕೈಗೆ ಸಿಗುವ ಹಾಗೆ ಡಬ್ಬಿ ಇರಲಿಲ್ಲ, ಅಷ್ಟೇ.

ಮಲಗಿದರೆ ಏನಾಗುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಕಾರ್ನಿಯಾ, ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅದರಲ್ಲಿ ರಕ್ತನಾಳಗಳೇ ಇಲ್ಲ. ಇದ್ದಿದ್ದರೆ ಬೆಳಕು ಸರಾಗ ಹಾಯುತ್ತಿರಲಿಲ್ಲ. ಹಾಗಾಗಿ ಅದು ಉಸಿರಾಡುವುದು ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ. ಕಣ್ಣು ಮುಚ್ಚಿ ಮಲಗಿದಾಗ ಗಾಳಿ ನಿಂತುಹೋಗಿ ರೆಪ್ಪೆಯ ಒಳಮೈಯ ರಕ್ತನಾಳಗಳಿಂದ ಮಾತ್ರ ಆಮ್ಲಜನಕ ಸಿಗುತ್ತದೆ, ಎಚ್ಚರವಿದ್ದಾಗಿನ ಮೂರರಲ್ಲಿ ಒಂದು ಪಾಲಿನಷ್ಟು. ಆರೋಗ್ಯದ ಕಣ್ಣು ಅಷ್ಟರಲ್ಲೇ ರಾತ್ರಿ ಕಳೆಯುತ್ತದೆ. ರೆಪ್ಪೆಗೂ ಕಾರ್ನಿಯಾಕ್ಕೂ ನಡುವೆ ಒಂದು ಲೆನ್ಸ್ ಇಟ್ಟರೆ ಆ ಪಾಲಿಗೂ ಕತ್ತರಿ ಬೀಳುತ್ತದೆ. ಕಾರ್ನಿಯಾ ಊದುತ್ತದೆ, ಅದರ ಮೇಲಿನ ಜೀವಕೋಶಗಳ ಹಿಡಿತ ಸಡಿಲವಾಗುತ್ತದೆ. ಹಗಲಲ್ಲಿ ರೆಪ್ಪೆ ಬಡಿದಾಗಲೆಲ್ಲ ಕಣ್ಣೀರು ಹರಿದು ಕಸ, ರೋಗಾಣು ತೊಳೆದು ಹೋಗುತ್ತಿತ್ತು. ನಿದ್ದೆಯಲ್ಲಿ ಅದೂ ಇಲ್ಲ. ಲೆನ್ಸಿಗೆ ಅಂಟಿಕೊಂಡು ಬಂದ ರೋಗಾಣುವಿಗೆ ಬೆಚ್ಚನೆಯ, ಒದ್ದೆಯ, ಯಾರೂ ಅಲ್ಲಾಡಿಸದ ಜಾಗ ಸಿಕ್ಕ ಹಾಗಾಯಿತು. ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಹೊಕ್ಕರೆ ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕರಗಿಸಿ ತೂತು ಮಾಡಬಲ್ಲದು. ಲೆನ್ಸ್ ಹಾಕಿಕೊಂಡು ಮಲಗುವವರಿಗೆ ಇಂಥ ಸೋಂಕಿನ ಅಪಾಯ 6ರಿಂದ 8 ಪಟ್ಟು ಹೆಚ್ಚು ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ.

"ನನ್ನದು ಗಾಳಿ ಆಡುವ ಲೆನ್ಸ್, ರಾತ್ರಿನೂ ಹಾಕಬಹುದಂತೆ" ಅಂತ ವಾದ ಮಾಡುವವರಿದ್ದಾರೆ. ಸಿಲಿಕೋನ್ ಹೈಡ್ರೋಜೆಲ್ ಲೆನ್ಸಿನಲ್ಲಿ ಆಮ್ಲಜನಕ ಹೆಚ್ಚು ಹಾಯುತ್ತದೆ, ನಿಜ. ರಾತ್ರಿ ಬಳಕೆಗೆ ಅನುಮತಿ ಸಿಕ್ಕವೂ ಇವೆ. ಆದರೆ ಆ ಲೆನ್ಸುಗಳು ಬಂದ ಮೇಲೂ ಮಲಗುವವರಲ್ಲಿ ಸೋಂಕು ಕಡಿಮೆಯಾಗಲಿಲ್ಲ. ಉಸಿರುಗಟ್ಟುವುದು ಒಂದೇ ಕಾರಣವಲ್ಲ, ಕಣ್ಣೀರು ನಿಲ್ಲುವುದೂ ಕಾರಣ ಅನ್ನುವುದು ಇದರಿಂದಲೇ ಸ್ಪಷ್ಟ. ಮಕ್ಕಳ ಸಮೀಪದೃಷ್ಟಿ ದೋಷಕ್ಕೆ, ಅಂದರೆ ದೂರದ್ದು ಮಂಜಾಗಿ ಕಾಣುವುದಕ್ಕೆ, ರಾತ್ರಿಯೇ ಹಾಕಬೇಕಾದ ಒಂದು ಬಗೆಯ ಗಟ್ಟಿ ಲೆನ್ಸ್ ಉಂಟು, ಅದು ಡಾಕ್ಟರು ಮೇಲಿಂದ ಮೇಲೆ ನೋಡುತ್ತಾ ಕೊಡುವಂಥದ್ದು. ಉಳಿದವರಿಗೆ ಮಧ್ಯಾಹ್ನದ ಅರ್ಧ ಗಂಟೆಯ ನಿದ್ದೆಗೂ ನನ್ನ ಉತ್ತರ ಒಂದೇ, ತೆಗೆದು ಮಲಗಿ.

ಈಗ ತೆಗೆಯುವ ವಿಷಯಕ್ಕೆ ಬರೋಣ. ಶುರುವಾಗುವುದು ಕೈಯಿಂದ. ಮಾಮೂಲಿ ಸೋಪು ಸಾಕು, ಎಣ್ಣೆ, ಕ್ರೀಮು ಸೇರಿದ ಸೋಪು ಬೇಡ. ಬೆರಳಿನ ಜಿಡ್ಡು ಲೆನ್ಸಿಗೆ ಹತ್ತಿ ಮಂಜು ಮಂಜಾಗುತ್ತದೆ. ಉಗುರಿನ ಸಂದಿ, ಬೆರಳಿನ ತುದಿ ಚೆನ್ನಾಗಿ ಉಜ್ಜಿ. ಆಮೇಲೆ ಒರೆಸಿಕೊಳ್ಳುವುದು. ಇಲ್ಲೇ ಬಹಳ ಜನ ಎಡವುತ್ತಾರೆ. ಒದ್ದೆ ಬೆರಳಿಗೆ ಲೆನ್ಸ್ ಜಾರುತ್ತದೆ, ಹಿಡಿತ ಸಿಗುವುದಿಲ್ಲ, ಸಿಗಲಿಲ್ಲ ಅಂತ ಉಗುರು ಹಾಕುತ್ತಾರೆ. ಒಣಗಿದ ಬೆರಳೇ ಅರ್ಧ ಕೆಲಸ ಮುಗಿಸುತ್ತದೆ. ದಾರ ಬಿಡುವ ಟವೆಲ್ಲು ಬೇಡ, ಒಗೆದ ಹಳೆಯ ಪಂಚೆಯ ತುಂಡು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಕೈಗೆ ಸ್ಯಾನಿಟೈಸರ್ ಹಾಕಿಕೊಂಡು ಕಣ್ಣು ಮುಟ್ಟಬೇಡಿ, ಅದರಲ್ಲಿರುವ ಆಲ್ಕೋಹಾಲ್ ಕಾರ್ನಿಯಾವನ್ನು ಸುಡುತ್ತದೆ.

ನಮ್ಮ ಊರಿಗೆ ಒಂದು ಮಾತು ಸೇರಿಸಲೇಬೇಕು. ಸಂಜೆ ಮಂಡಕ್ಕಿ ಮಿರ್ಚಿ ತಿಂದ ಕೈ ಸೋಪಿಗೂ ಬೇಗ ಬಗ್ಗುವುದಿಲ್ಲ. ಮೆಣಸಿನಕಾಯಿಯ ಖಾರ ಬರೀ ನೀರಿನಲ್ಲಿ ಕರಗುವಂಥದ್ದಲ್ಲ, ಎಣ್ಣೆಯಲ್ಲಿ ಕರಗುವಂಥದ್ದು. ಎರಡು ಮೂರು ಸಲ ಸೋಪು ಹಾಕಿ ತೊಳೆಯಿರಿ, ಇಲ್ಲವೇ ಮಿರ್ಚಿಗೆ ಹೋಗುವ ಮೊದಲೇ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಿ. ಖಾರದ ಕೈಯಲ್ಲಿ ಮುಟ್ಟಿದ ಲೆನ್ಸ್ ಅನ್ನು ತೊಳೆದು ಮತ್ತೆ ಹಾಕಿಕೊಳ್ಳಬೇಡಿ. ಅದು ಖಾರವನ್ನು ಒಳಗೇ ಹೀರಿ ಇಟ್ಟುಕೊಂಡಿರುತ್ತದೆ, ಎಸೆದುಬಿಡಿ.

ಬೇಸಿನ್ನಿನ ತೂತು ಮುಚ್ಚಿ. ಕನ್ನಡಿ ಮುಂದೆ ಕೂತು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಂಡರೆ ಇನ್ನೂ ಒಳ್ಳೆಯದು, ಬಿದ್ದ ಲೆನ್ಸ್ ಕಾಣುತ್ತದೆ. ಯಾವಾಗಲೂ ಬಲಗಣ್ಣಿನಿಂದಲೇ ಶುರು ಮಾಡಿ. ಎಡ ಬಲ ಅದಲು ಬದಲಾಗುವುದಿಲ್ಲ. ಮೊದಲು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ಸ್ಪಷ್ಟವಾಗಿ ಕಂಡರೆ ಲೆನ್ಸ್ ಅದರ ಜಾಗದಲ್ಲಿದೆ. ಮಂಜಾಗಿದ್ದರೆ ಅದು ಜರುಗಿದೆ, ಇಲ್ಲವೇ ಆಗಲೇ ಬಿದ್ದುಹೋಗಿದೆ. ಇದನ್ನು ನೋಡಿಕೊಳ್ಳದೆ ಬರೀ ಕಣ್ಣನ್ನು ಚಿವುಟಿ ಚಿವುಟಿ ಗಾಯ ಮಾಡಿಕೊಂಡು ಬಂದ ಹುಡುಗನೊಬ್ಬನ ಲೆನ್ಸ್ ಅವನ ಅಂಗಿಯ ಜೇಬಿನ ಮೇಲೆ ಅಂಟಿಕೊಂಡಿತ್ತು.

ಇನ್ನು ಚಿವುಟುವುದು. ತಲೆ ಸ್ವಲ್ಪ ಬಗ್ಗಿಸಿ, ಕಣ್ಣು ಮಾತ್ರ ಮೇಲೆ ಸೂರು ನೋಡಲಿ. ಬಲಗೈಯ ನಡುಬೆರಳಿನಿಂದ ಕೆಳರೆಪ್ಪೆಯನ್ನು ಕೆಳಗೆ ಎಳೆದು ಹಿಡಿಯಿರಿ. ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವವರು ಎಡಗೈ ಬೆರಳಿನಿಂದ ಮೇಲ್ರೆಪ್ಪೆಯನ್ನು ಕೂದಲ ಬುಡದಲ್ಲೇ ಹುಬ್ಬಿನ ಕಡೆಗೆ ಒತ್ತಿ ಹಿಡಿಯಬೇಕು. ಈಗ ತೋರುಬೆರಳಿನ ಮೆತ್ತೆಯನ್ನು ಲೆನ್ಸಿನ ಕೆಳ ಅಂಚಿನ ಮೇಲೆ ಮೆಲ್ಲಗೆ ಇಡಿ. ಕಣ್ಣು ಮೇಲೆ ನೋಡುತ್ತಲೇ ಇರಲಿ, ಬೆರಳು ಲೆನ್ಸನ್ನು ಕೆಳಕ್ಕೆ ಜಾರಿಸಲಿ, ಕರಿಗುಡ್ಡೆಯ ಮೇಲಿಂದ ಬಿಳಿಗುಡ್ಡೆಯ ಮೇಲಕ್ಕೆ. ಈ ಜಾರಿಸುವುದನ್ನು ತಪ್ಪಿಸಬೇಡಿ. ಕಾರ್ನಿಯಾದಲ್ಲಿ ನೋವಿನ ನರಗಳು ದಟ್ಟವಾಗಿವೆ, ಅಲ್ಲಿಯೇ ಚಿವುಟಿದರೆ ನೋವೂ ಹೆಚ್ಚು, ತರಚುವ ಭಯವೂ ಹೆಚ್ಚು. ಬಿಳಿಗುಡ್ಡೆ ಅಷ್ಟು ಸೂಕ್ಷ್ಮವಲ್ಲ. ಅಲ್ಲಿಗೆ ಬಂದ ಲೆನ್ಸ್ ಅಂಚಿನಲ್ಲಿ ಸ್ವಲ್ಪ ಮಡಿಚಿಕೊಂಡು ಸಡಿಲವಾಗುತ್ತದೆ, ಒಳಗೆ ಗಾಳಿ ಹೋಗುತ್ತದೆ, ಹಿಡಿತ ಬಿಡುತ್ತದೆ. ಆಗ ಹೆಬ್ಬೆರಳು ತೋರುಬೆರಳುಗಳ ಮೆತ್ತೆಯಿಂದ, ನೆಂದ ಬಾದಾಮಿಯ ಸಿಪ್ಪೆ ಬಿಡಿಸುವಷ್ಟೇ ಹಗುರಾಗಿ ಹಿಡಿದರೆ ಕೈಗೆ ಬರುತ್ತದೆ.

ಉಗುರು ಎಲ್ಲೂ ತಾಗಬಾರದು. ಉಗುರು ಉದ್ದ ಬಿಟ್ಟವರಿಗೆ ನಾನು ಕತ್ತರಿಸಿಕೊಂಡು ಬನ್ನಿ ಅಂತಲೇ ಹೇಳುತ್ತೇನೆ. ಮನಸ್ಸಿಲ್ಲದಿದ್ದರೆ ಎರಡು ತೋರುಬೆರಳು ಬಳಸುವ ದಾರಿಯಿದೆ. ಮೇಲ್ರೆಪ್ಪೆಯ ಅಂಚಿಗೆ ಒಂದು, ಕೆಳರೆಪ್ಪೆಯ ಅಂಚಿಗೆ ಒಂದು ಇಟ್ಟು, ನೇರ ನೋಡುತ್ತಾ, ರೆಪ್ಪೆಗಳನ್ನು ಒಂದಕ್ಕೊಂದು ತಂದರೆ ಲೆನ್ಸ್ ರೆಪ್ಪೆಗಳ ನಡುವೆ ಮಡಿಚಿ ಹೊರಗೆ ಬೀಳುತ್ತದೆ. ನಿಧಾನ, ಆದರೆ ಉಗುರಿನ ಕಾಟವಿಲ್ಲ.

ಲೆನ್ಸ್ ಅಲ್ಲಾಡುತ್ತಲೇ ಇಲ್ಲ ಅನ್ನಿಸಿದರೆ ಅದು ಒಣಗಿದೆ. ಮೆತ್ತನೆಯ ಲೆನ್ಸ್ ಅಂದರೆ ನೀರು ಹೀರಿದ ಪ್ಲಾಸ್ಟಿಕ್. 1961ರ ಕೊನೆಯಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಪ್ರಾಗ್ ನಗರದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ ತಮ್ಮ ಮನೆಯಲ್ಲಿ ಮಕ್ಕಳ ಆಟದ ಜೋಡಣೆ ಸೆಟ್ಟು, ಸೈಕಲ್ಲಿನ ಡೈನಮೋ ಸೇರಿಸಿ ಮಾಡಿದ ಯಂತ್ರದಲ್ಲಿ ಮೊದಲ ಇಂಥ ಲೆನ್ಸುಗಳನ್ನು ತಿರುಗಿಸಿ ತೆಗೆದರು. ಆ ಪದಾರ್ಥದ ಗುಣ ಇವತ್ತಿಗೂ ಅದೇ. ನೀರಿದ್ದರೆ ಮೃದು, ನೀರು ಹೋದರೆ ಬಿಗಿ, ಪೂರ್ತಿ ಒಣಗಿದರೆ ಹಪ್ಪಳ. ಏಪ್ರಿಲ್‌ನಲ್ಲಿ ನಮ್ಮ ಒಣ ಬಿಸಿಗಾಳಿ, ಫ್ಯಾನಿನ ಕೆಳಗೆ ದಿನವಿಡೀ ಕಂಪ್ಯೂಟರ್, ಬೈಕಿನ ಮೇಲೆ ಗಾಳಿಗೆ ಮುಖ ಕೊಟ್ಟು ಹರಿಹರಕ್ಕೆ ಹೋಗಿ ಬಂದದ್ದು, ಎಲ್ಲವೂ ಲೆನ್ಸಿನ ನೀರನ್ನು ಎಳೆದಿರುತ್ತವೆ. ನಿದ್ದೆಯಲ್ಲಿ ಕಣ್ಣೀರು ಕಡಿಮೆಯಾಗಿ ಲೆನ್ಸ್ ಇನ್ನೂ ಕಚ್ಚಿಕೊಳ್ಳುತ್ತದೆ.

ಆಗ ಎಳೆಯಬೇಡಿ. ನಾನು ಎಳೆದೆ, ಅದರ ಬೆಲೆ ಏನೆಂದು ಮೇಲೆ ಹೇಳಿದ್ದೇನೆ. ಲೆನ್ಸ್ ಹಾಕಿದಾಗಲೂ ಬಿಡಬಹುದಾದ ಕಣ್ಣಿನ ಹನಿ ಸಿಗುತ್ತದೆ, ಇಲ್ಲವೇ ಬಾಟಲಿ ಮುಚ್ಚಳ ಆಗಷ್ಟೇ ತೆಗೆದ ಶುದ್ಧ ಸಲೈನ್. ಮೂರು ನಾಲ್ಕು ಹನಿ ಬಿಟ್ಟು ಕಣ್ಣು ಮುಚ್ಚಿ, ರೆಪ್ಪೆಯ ಮೇಲಿಂದ ಹಗುರವಾಗಿ ಬೆರಳಾಡಿಸಿ, ಐದು ನಿಮಿಷ ಕಾಯಿರಿ. ಮತ್ತೆ ಹನಿ, ಮತ್ತೆ ಕಾಯುವುದು. ಕನ್ನಡಿಯಲ್ಲಿ ನೋಡುತ್ತಾ ರೆಪ್ಪೆ ಬಡಿಯಿರಿ. ರೆಪ್ಪೆ ಬಡಿದಾಗ ಲೆನ್ಸಿನ ಅಂಚು ಕೂದಲೆಳೆಯಷ್ಟಾದರೂ ಜರುಗುವುದು ಕಾಣಬೇಕು. ಜರುಗಿದ ಮೇಲೇ ಬೆರಳು ಇಡುವುದು. ಅರ್ಧ ಗಂಟೆಯಾದರೂ ಜರುಗದಿದ್ದರೆ ಡಾಕ್ಟರ ಹತ್ತಿರ ಹೋಗಿ, ಅವರಿಗೆ ಅದು ಎರಡು ನಿಮಿಷದ ಕೆಲಸ.

ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿ ಮೆದುಳು ಸೇರುತ್ತದೆ ಅಂತ ಹೆದರಿ ಅಳುತ್ತಾ ಬರುವವರಿದ್ದಾರೆ. ಹೋಗಲು ದಾರಿಯೇ ಇಲ್ಲ. ಬಿಳಿಗುಡ್ಡೆಯ ಮೇಲಿನ ತೆಳುಪೊರೆ ಮಡಿಚಿಕೊಂಡು ರೆಪ್ಪೆಯ ಒಳಮೈಗೆ ಹೊಲಿದ ಹಾಗೆ ಸೇರಿದೆ, ಜೇಬಿನ ತಳ ಇದ್ದ ಹಾಗೆ. ಲೆನ್ಸ್ ಆ ಜೇಬಿನಲ್ಲಿ, ಸಾಮಾನ್ಯವಾಗಿ ಮೇಲ್ರೆಪ್ಪೆಯ ಕೆಳಗೆ, ಮಡಿಚಿ ಕೂತಿರುತ್ತದೆ. ಹನಿ ಬಿಟ್ಟು, ಕೆಳಗೆ ನೋಡುತ್ತಾ, ಮುಚ್ಚಿದ ಮೇಲ್ರೆಪ್ಪೆಯನ್ನು ಹುಬ್ಬಿನಿಂದ ಕೆಳಕ್ಕೆ ನೀವಿದರೆ ಇಳಿದು ಬರುತ್ತದೆ. ಹರಿದ ಲೆನ್ಸ್ ಆದರೆ ಚೂರುಗಳನ್ನು ಅಂಗೈಯಲ್ಲಿ ಜೋಡಿಸಿ ನೋಡಿ. ಒಂದು ಚೂರು ಕಡಿಮೆ ಅನ್ನಿಸಿದರೆ ಅದು ಕಣ್ಣಲ್ಲೇ ಇದೆ ಅಂತ ತಿಳಿದು ತೋರಿಸಿಕೊಳ್ಳಿ.

ಕೆರಟೋಕೋನಸ್ ಇರುವವರಿಗೆ, ಅಂದರೆ ಕಾರ್ನಿಯಾ ತೆಳ್ಳಗಾಗಿ ಶಂಕುವಿನ ಹಾಗೆ ಮುಂದೆ ಬಂದವರಿಗೆ, ಗಟ್ಟಿ ಲೆನ್ಸ್ ಕೊಡುತ್ತಾರೆ. ಅದನ್ನು ಚಿವುಟಬಾರದು. ಕಣ್ಣು ಅಗಲ ಬಿಟ್ಟು, ಹೊರಗಿನ ಮೂಲೆಯನ್ನು ಕಿವಿಯ ಕಡೆಗೆ ಎಳೆದು ರೆಪ್ಪೆ ಬಡಿದರೆ ಕೆಳಗೆ ಹಿಡಿದ ಅಂಗೈಗೆ ಬೀಳುತ್ತದೆ. ರಬ್ಬರಿನ ಪುಟ್ಟ ಹೀರುಬಟ್ಟಲು ಬಳಸುವವರು, ಲೆನ್ಸ್ ನಿಜವಾಗಿ ಕರಿಗುಡ್ಡೆಯ ಮೇಲೆ ಇದೆ ಅಂತ ಕನ್ನಡಿಯಲ್ಲಿ ಕಣ್ಣಾರೆ ನೋಡದೆ ಅದನ್ನು ಕಣ್ಣಿಗೆ ಒತ್ತಲೇಬೇಡಿ. ಬರೀ ಕಾರ್ನಿಯಾಕ್ಕೆ ಅಂಟಿದರೆ ಅನಾಹುತ.

ತೆಗೆದ ಲೆನ್ಸ್ ಅಂಗೈಯಲ್ಲಿಟ್ಟು, ಲೆನ್ಸ್ ತೊಳೆಯಲೆಂದೇ ಸಿಗುವ ಸೊಲ್ಯೂಷನ್ ಬಿಟ್ಟು, ಬೆರಳಿನಿಂದ ಎರಡೂ ಬದಿ ಉಜ್ಜಿ, ಮತ್ತೆ ಸೊಲ್ಯೂಷನ್ನಿನಲ್ಲೇ ತೊಳೆದು, ಡಬ್ಬಿಗೆ ಹೊಸ ಸೊಲ್ಯೂಷನ್ ತುಂಬಿ ಹಾಕಿ. ನಿನ್ನೆಯದರ ಮೇಲೆ ಇವತ್ತಿನದನ್ನು ಸುರಿಯುವುದು ಬೇಡ. ಬೆಳಿಗ್ಗೆ ಡಬ್ಬಿ ಖಾಲಿ ಮಾಡಿ, ಸೊಲ್ಯೂಷನ್ನಿನಿಂದ ತೊಳೆದು, ಒರೆಸಿ, ಬೋರಲು ಹಾಕಿ ಒಣಗಿಸಿ. ಬಚ್ಚಲಿನ ಒದ್ದೆಯಲ್ಲಿ ಅಲ್ಲ. ಮೂರು ತಿಂಗಳಿಗೆ ಡಬ್ಬಿ ಬದಲಿಸಿ. ಒಂದೇ ದಿನ ಬಳಸಿ ಎಸೆಯುವ ಲೆನ್ಸ್ ಆದರೆ ಈ ಯಾವ ರಗಳೆಯೂ ಇಲ್ಲ. ಕೈಗೆಟಕುವುದಾದರೆ ಹಾಸ್ಟೆಲ್ ಹುಡುಗ ಹುಡುಗಿಯರಿಗೆ ನಾನು ಅದನ್ನೇ ಹೇಳುವುದು.

ನೀರು ಮಾತ್ರ ಲೆನ್ಸಿಗೆ ಸೋಕಬಾರದು. ಇದನ್ನು ನಂಬಿಸುವುದು ನನಗೆ ಎಲ್ಲಕ್ಕಿಂತ ಕಷ್ಟದ ಕೆಲಸ, ಏಕೆಂದರೆ ನಮಗೆ ನೀರು ಅಂದರೇ ಮಡಿ. ನಮ್ಮ ಕುಂದವಾಡ ಕೆರೆಯ ನೀರಿರಲಿ, ಬೋರಿನದಿರಲಿ, ಫಿಲ್ಟರಿನದಿರಲಿ, ಕಾಯಿಸಿ ಆರಿಸಿದ್ದೇ ಇರಲಿ, ಕುಡಿಯಲು ಚೊಕ್ಕ ಅಂದ ಮಾತ್ರಕ್ಕೆ ಲೆನ್ಸಿಗೆ ಆಗಿಬರುವುದಿಲ್ಲ. ಅಕಾಂಥಮೀಬಾ ಅನ್ನುವ ಏಕಕೋಶ ಜೀವಿ ಕೆರೆ, ತೊಟ್ಟಿ, ನಲ್ಲಿ ನೀರಿನಲ್ಲಿ ಎಲ್ಲೆಡೆ ಇರುತ್ತದೆ, ಕ್ಲೋರಿನ್ನಿಗೂ ಜಗ್ಗದ ಕವಚ ಕಟ್ಟಿಕೊಂಡು ಬದುಕುತ್ತದೆ. ಕುಡಿದರೆ ಏನೂ ಮಾಡದು. ಲೆನ್ಸಿನ ಕೆಳಗೆ ಸಿಕ್ಕಿಕೊಂಡರೆ ಕಾರ್ನಿಯಾವನ್ನು ತಿನ್ನುತ್ತದೆ, ಚಿಕಿತ್ಸೆ ತಿಂಗಳುಗಟ್ಟಲೆ. ಅದೂ ಅಲ್ಲದೆ ಕಣ್ಣೀರಿನಷ್ಟು ಉಪ್ಪು ಇಲ್ಲದ ನೀರು ತಾಗಿದರೆ ಲೆನ್ಸ್ ಉಬ್ಬಿ ಕಾರ್ನಿಯಾಕ್ಕೆ ಬಿಗಿಯಾಗಿ ಕಚ್ಚುತ್ತದೆ. ಹಾಗಾಗಿ ಸ್ನಾನಕ್ಕೆ ಮುಂಚೆ ತೆಗೆಯುವುದು, ಈಜುವ ಮುಂಚೆ ತೆಗೆಯುವುದು, ಹೋಳಿಯ ದಿನ ಹಾಕದೇ ಇರುವುದು. ಎಂಜಲು ಹಚ್ಚಿ ಹಾಕಿಕೊಳ್ಳುವುದನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಪ್ರಯಾಣದ ಮಾತು. ರಾತ್ರಿ ಬಸ್ಸೋ ರೈಲೋ ಇದ್ದರೆ ಮನೆಯಲ್ಲೇ, ಬ್ಯಾಗಿನ ಜಿಪ್ ಎಳೆಯುವ ಮುಂಚೆ, ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಿ. ಸೀಟಿನಲ್ಲಿ ತೆಗೆಯುತ್ತೇನೆ ಅನ್ನುವುದು ಆಗುವ ಮಾತಲ್ಲ. ಆದರೂ ಕೈಚೀಲದಲ್ಲಿ, ಸೂಟ್‌ಕೇಸಿನಲ್ಲಿ ಅಲ್ಲ, ಡಬ್ಬಿ, ಸಣ್ಣ ಬಾಟಲಿ ಸೊಲ್ಯೂಷನ್, ಕಣ್ಣಿನ ಹನಿ, ಪೇಪರ್ ಸೋಪು, ಕರವಸ್ತ್ರ, ಕನ್ನಡಕ ಇರಲಿ. ದಾರಿಯಲ್ಲಿ ಸಿಕ್ಕಿಕೊಂಡಿರಿ ಅಂತಿಟ್ಟುಕೊಳ್ಳಿ. ಕುಡಿಯುವ ನೀರಿನ ಬಾಟಲಿಯಿಂದ ಪೇಪರ್ ಸೋಪಿನಲ್ಲಿ ಕೈ ತೊಳೆದು, ಪೂರ್ತಿ ಒರೆಸಿ ತೆಗೆಯಿರಿ. ಡಬ್ಬಿ ಇಲ್ಲವೇ? ಲೆನ್ಸ್ ಎಸೆದುಬಿಡಿ. ದುಡ್ಡು ಕೊಟ್ಟಿದ್ದೇನಲ್ಲ ಅಂತ ಕೈ ತಡೆಯುತ್ತದೆ, ನನಗೆ ಗೊತ್ತು. ಹೊಸ ಲೆನ್ಸ್ ನಮ್ಮ ಅಂಗಡಿಯಲ್ಲಿ ನಾಳೆಯೂ ಸಿಗುತ್ತದೆ.

ಮದುವೆ ಹೆಣ್ಣುಮಕ್ಕಳಿಗೆ ಬೇರೆಯೇ ಹೇಳುತ್ತೇನೆ. ಹಿಂದಿನ ಸಂಜೆ ಆರತಕ್ಷತೆ, ಹಸಿರೋ ಬೂದಿಯೋ ಬಣ್ಣದ ಲೆನ್ಸ್, ಫೋಟೊ ಮುಗಿಯುವಾಗ ಹನ್ನೆರಡು, ಬೆಳಿಗ್ಗೆ ನಾಲ್ಕಕ್ಕೆ ಎಣ್ಣೆ ಶಾಸ್ತ್ರ. ನಡುವೆ ಮೂರು ಗಂಟೆ ನಿದ್ದೆ, ಅದಕ್ಕೇನು ತೆಗೆಯುವುದು ಅನ್ನಿಸುತ್ತದೆ. ಬಣ್ಣದ ಲೆನ್ಸಿನಲ್ಲಿ ಸಾಮಾನ್ಯವಾಗಿ ಗಾಳಿ ಆಡುವುದು ಕಡಿಮೆ, ಮೇಲಿಂದ ಕಾಡಿಗೆ, ಪೌಡರು, ಛತ್ರದ ಹೊಗೆ. ಲೆನ್ಸನ್ನು ಮೇಕಪ್ಪಿಗೆ ಮೊದಲು ಹಾಕಿ, ಮೇಕಪ್ ಒರೆಸುವ ಮೊದಲು ತೆಗೆಯಿರಿ. ಪಾರ್ಲರಿನಲ್ಲಿ ಇನ್ನೊಬ್ಬರಿಗೆ ಹಾಕಿದ ಲೆನ್ಸ್ ಎಷ್ಟೇ ತೊಳೆದಿದ್ದರೂ ಬೇಡ. ಪವರ್ ಇಲ್ಲದ ಬಣ್ಣದ ಲೆನ್ಸಿಗೂ ಕಣ್ಣಿನ ಅಳತೆ ತೆಗೆಸಲೇಬೇಕು. ಡಬ್ಬಿಯನ್ನು ಮದುಮಗಳ ಕೈಗೆ ಕೊಟ್ಟರೆ ಒಡವೆ ಸೀರೆ ನಡುವೆ ಕಳೆದುಹೋಗುತ್ತದೆ. ಜೊತೆಗೆ ಬಂದ ತಂಗಿಯ ಕೈಗೋ ಅತ್ತಿಗೆಯ ಕೈಗೋ ಕೊಟ್ಟು, "ಇವಳು ಮಲಗೋ ಮುಂಚೆ ನೀನು ಕೇಳಬೇಕು" ಅಂತ ಒಪ್ಪಿಸುತ್ತೇನೆ. ಹಾಗೆ ಒಪ್ಪಿಸಿಕೊಂಡವರು ಮರೆಯುವುದಿಲ್ಲ. ಕಳೆದ ಮಾಘದಲ್ಲಿ ಒಬ್ಬಳು ರಾತ್ರಿ ಒಂದೂ ಹತ್ತಕ್ಕೆ ನನಗೆ ಫೋಟೊ ಕಳಿಸಿದ್ದಳು, ಡಬ್ಬಿಯ ಎರಡು ಗುಂಡಿಯಲ್ಲಿ ಎರಡು ಹಸಿರು ಲೆನ್ಸ್.

ಇಷ್ಟಾದರೂ ಒಂದು ದಿನ ಮಲಗಿಬಿಟ್ಟು ಎಚ್ಚರವಾಯಿತು ಅನ್ನಿ. ಕಣ್ಣು ಉಜ್ಜಬೇಡಿ. ಎದ್ದು ಕೂತು, ಹನಿ ಬಿಟ್ಟು, ಹತ್ತು ಹದಿನೈದು ನಿಮಿಷ ರೆಪ್ಪೆ ಬಡಿಯುತ್ತಾ ಇರಿ. ಲೆನ್ಸ್ ಜರುಗಿದ ಮೇಲೆ ತೆಗೆದು ಎಸೆಯಿರಿ. ಆ ದಿನ ಪೂರ್ತಿ ಕನ್ನಡಕ. ಕಣ್ಣು ಕೆಂಪಿದ್ದರೆ ಅದು ಪೂರ್ತಿ ಹೋಗುವವರೆಗೂ ಕನ್ನಡಕವೇ.

ಲೆನ್ಸ್ ತೆಗೆದ ಮೇಲೂ ನೋವು ಇದ್ದರೆ, ಬೆಳಕು ಚುಚ್ಚಿದರೆ, ನೀರು ಇಲ್ಲವೇ ಗೀಜು ಸುರಿದರೆ, ಮಂಜಾದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಾಳೆ ಅನ್ನಬೇಡಿ. ಭಾನುವಾರವಾದರೆ ತುರ್ತು ವಿಭಾಗಕ್ಕೆ. ನಮ್ಮ ಊರಲ್ಲಿ ಜಿಲ್ಲಾ ಆಸ್ಪತ್ರೆಯೂ ಇದೆ, ಮೆಡಿಕಲ್ ಕಾಲೇಜುಗಳೂ ಇವೆ. ಅಲ್ಲಿಯವರೆಗೆ ನಂದಿಬಟ್ಟಲು ಹೂವಿನ ರಸ, ಪನ್ನೀರು, ಜೇನು, ಹರಳೆಣ್ಣೆ, ಎದೆಹಾಲು ಯಾವುದನ್ನೂ ಹಾಕಬೇಡಿ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಗಾಯವಾದ ಕಾರ್ನಿಯಾಕ್ಕೆ ಅದರಲ್ಲಿರುವ ರೋಗಾಣು ನೇರ ಇಳಿಯುತ್ತದೆ. ಮನೆಯಲ್ಲಿ ಉಳಿದ ಹಳೆಯ ಡ್ರಾಪ್ಸ್ ಬೇಡ, ಅಂಗಡಿಯಲ್ಲಿ ಕೇಳಿ ತಂದದ್ದೂ ಬೇಡ. ಹತ್ತಿ ಇಟ್ಟು ಪಟ್ಟಿ ಕಟ್ಟಬೇಡಿ. ಕಟ್ಟಿದರೆ ಮತ್ತೆ ಅದೇ ಮುಚ್ಚಿದ, ಬೆಚ್ಚನೆಯ ಜಾಗ.

ಹೋಗುವಾಗ ಲೆನ್ಸ್, ಡಬ್ಬಿ, ಸೊಲ್ಯೂಷನ್ ಬಾಟಲಿ ಮೂರನ್ನೂ ತಗೊಂಡು ಹೋಗಿ. ನಾಚಿಕೆಗೆ ಡಬ್ಬಿ ತೊಳೆದು ಚೊಕ್ಕ ಮಾಡಿಕೊಂಡು ಹೋಗುವವರಿದ್ದಾರೆ. ಇದ್ದ ಹಾಗೇ ಕೊಡಿ. ಕಣ್ಣಿನಿಂದ ಕೆರೆದು ತೆಗೆದದ್ದರಲ್ಲಿ ರೋಗಾಣು ಸಿಗದೇ ಹೋದಾಗ ಆ ಡಬ್ಬಿಯ ತಳದ ಎರಡು ಹನಿಯಲ್ಲಿ ಸಿಗಬಹುದು, ಯಾವ ಔಷಧಿ ಅನ್ನುವುದು ಅದರಿಂದ ಗೊತ್ತಾಗಬಹುದು. ಎಷ್ಟು ಹೊತ್ತು ಹಾಕಿದ್ದಿರಿ, ಹಾಕಿಕೊಂಡು ಮಲಗಿದ್ದಿರಾ, ಯಾವ ಹನಿ ಬಿಟ್ಟಿರಿ ಅಂತ ಡಾಕ್ಟರು ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿ. ನಾನು ಮಲಗಿದ್ದನ್ನು ಹೇಳಿದ್ದೆ, ಅಂಗಡಿಯ ಹನಿಯ ವಿಷಯ ಮುಚ್ಚಿಟ್ಟಿದ್ದೆ. ಬೈಯುತ್ತಾರೆ ಅನ್ನುವ ಭಯ. ಮಾರನೇ ದಿನ ಅವ್ವ ಆ ಬಾಟಲಿ ತಂದು ಡಾಕ್ಟರ ಮೇಜಿನ ಮೇಲಿಟ್ಟಳು. ಅವರು ಬೈಯಲಿಲ್ಲ. ಹೆಸರು ಓದಿ, ಚೀಟಿಯಲ್ಲಿ ಒಂದು ಔಷಧಿ ಹೊಡೆದು ಇನ್ನೊಂದು ಬರೆದರು.